ನಾನು ಅಸಿಂಧು ಮಾಡಿದ ಮತ

ಆಲೂರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಮಾಡುತ್ತಿದ್ದಾಗ ಅರ್ಧ ತರಗತಿ ಪಾಠ ಬಿಟ್ಟು ಒಂದು ಆಟದೊಳಗೆ ಹೋಗಿ ಕೂತಿರುತ್ತಿತ್ತು. ಅದೇನಿದೆ ನೋಡೋಣ ಎಂದು ನಾನೂ ಅದನ್ನು ಇಳಿಸಿಕೊಂಡೆ. ಚೌಕಾಕಾರದ ಕಲ್ಲು, ಮಣ್ಣು, ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಮನೆ, ಸೇತುವೆ, ಊರು ಕಟ್ಟುವ ಆಟ. ಶಾಲೆ ತೆರೆದ ಮೇಲೆ ಮಕ್ಕಳು ಅದನ್ನು ಬಿಟ್ಟು ಬೇರೆ ಆಟಕ್ಕೆ ಹೋದರು. ನನಗೆ ಬಿಡಲಾಗಲಿಲ್ಲ. ಒಂಟಿ ಮನೆ, ಸಂಜೆ ಹೊತ್ತು ಹೋಗುವುದು ಕಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಸಕಲೇಶಪುರ ಪೇಟೆಯಲ್ಲಿ ಜೀಪು ಮತ್ತು ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ಅಂಗಡಿಯವನೊಬ್ಬ ಕನ್ನಡದವರಿಗೆಂದೇ ಆ ಆಟದಲ್ಲಿ ಒಂದು ಊರು ಶುರು ಮಾಡಿದ್ದ. ಅವನೇ ಅದರ ಅಡ್ಮಿನ್. ಮೂವತ್ತೈದರ ಆಸುಪಾಸಿನವನು, ದೊಡ್ಡ ಗಂಟಲು, ಸಿಟ್ಟು ಎಷ್ಟು ಬೇಗ ಬರುತ್ತಿತ್ತೋ ನಗುವೂ ಅಷ್ಟೇ ಬೇಗ ಬರುತ್ತಿತ್ತು. ಹಾಸನ, ಬೇಲೂರು, ಮೂಡಿಗೆರೆ ಕಡೆಯ ನೂರು ಚಿಲ್ಲರೆ ಜನ ಅದರಲ್ಲಿದ್ದೆವು. ಸೇರಿದವರಿಗೆಲ್ಲ ಒಂದೊಂದು ಸೈಟು. ಅದರಲ್ಲಿ ಏನು ಬೇಕಾದರೂ ಕಟ್ಟಿಕೊಳ್ಳಬಹುದು. ಮೊದಮೊದಲು ಅಡ್ಮಿನ್ ಹೇಳಿದ್ದೇ ಕಾನೂನಾಗಿತ್ತು. ಜಗಳ ಜಾಸ್ತಿಯಾದಾಗ ವರ್ಷಕ್ಕೆ ಎರಡು ಸಲ ಊರಿನ ಮುಖ್ಯಸ್ಥರನ್ನು ಆರಿಸೋಣ ಎಂದು ಎಲ್ಲರೂ ಒಪ್ಪಿದರು. ಅವನು ನನಗೆ ಫೋನ್ ಮಾಡಿದ.

"ಮೇಡಂ, ನೀವು ನಿಜವಾದ ಎಲೆಕ್ಷನ್ ಡ್ಯೂಟಿ ಮಾಡಿರೋರು. ರೂಲ್ಸು ನೀವೇ ಬರ್ದುಕೊಡಿ. ನಡ್ಸಿನೂ ಕೊಡಿ. ನಿಮ್ಮ ಮಾತು ಅಂದ್ರೆ ಯಾರೂ ಕೆಮ್ಮಲ್ಲ."

ನನಗೆ ಹೆಮ್ಮೆಯಾಯಿತು. ಮಲೆಯ ಕಡೆಯ ಮತಗಟ್ಟೆಗಳಲ್ಲಿ ಎಷ್ಟೋ ಸಲ ಕೂತು ಬಂದವಳು ನಾನು. ಎರಡು ಭಾನುವಾರ ಕೂತು ಹದಿನಾಲ್ಕು ನಿಯಮ ಬರೆದೆ. ಮತ ಗುಪ್ತ. ಯಾರು ಯಾರಿಗೆ ಹಾಕಿದರು ಎಂಬುದನ್ನು ಚುನಾವಣಾಧಿಕಾರಿ ಯಾವ ಕಾರಣಕ್ಕೂ ಹೇಳುವಂತಿಲ್ಲ. ಒಬ್ಬರಿಗೆ ಒಂದೇ ಮತ. ಫಲಿತಾಂಶ ಬಂದ ಒಂದು ದಿನದೊಳಗೆ ಯಾರಾದರೂ ತಕರಾರು ಎತ್ತಿದರೆ ಪರಿಶೀಲನೆ. ಮತ ಅಸಿಂಧುವಾದರೆ ಕಾರಣ ಪ್ರಕಟಿಸಬೇಕು, ಮತದಾರರ ಪಟ್ಟಿ ತಿದ್ದಿ ಹಾಕಬೇಕು. ಸಮ ಬಂದರೆ ಚೀಟಿ. ಮೊದಲ ಚುನಾವಣೆಯಲ್ಲಿ ಮೂವತ್ತು ಜನವೂ ಮತ ಹಾಕದಿದ್ದಾಗ ಸಿಟ್ಟು ಬಂದು ಇನ್ನೊಂದನ್ನು ಸೇರಿಸಿದೆ. ಸತತ ಎರಡು ಸಲ ಮತ ಹಾಕದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದವರ ಸೈಟು ಊರಿಗೆ ಸೇರುತ್ತದೆ. ಈ ನಿಯಮ ಅಡ್ಮಿನ್‌ಗೆ ಬಹಳ ಹಿಡಿಸಿತು. "ಹಂಗೆ ಬಿಗಿ ಮಾಡಿ ಮೇಡಂ" ಎಂದ.

ಆ ಊರಲ್ಲಿ ನನಗೆ ಅತ್ಯಂತ ಇಷ್ಟವಾದ ಸೈಟು ವನಗೂರು ಕಡೆಯ ಒಬ್ಬ ಹೆಂಗಸಿನದು. ಅವರ ಗಂಡ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಸ್ಟೋರು ನೋಡಿಕೊಳ್ಳುವ ರೈಟರು. ಮಕ್ಕಳಿರಲಿಲ್ಲ. ಹೆಂಗಸಿಗೆ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಜೀಪು ಇಳಿದು ಬಸ್ಸು ಹತ್ತಿ ಹಾಸನಕ್ಕೆ ಹೋಗಬೇಕು. ಉಳಿದ ದಿನಗಳಲ್ಲಿ ಕಿಟಕಿಯ ಪಕ್ಕ ಮಂಚದಲ್ಲಿ ಮಲಗಿ ಮೊಬೈಲಿನಲ್ಲಿ ಕಟ್ಟುತ್ತಿದ್ದರು. ಅವರ ತಂದೆ ಮೀಟರ್ ಗೇಜ್ ಕಾಲದಲ್ಲಿ ಎಡಕುಮೇರಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವರು. ಕಾಡಿನ ನಡುವಿನ ಆ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಅವರು ಹುಟ್ಟಿ ಬೆಳೆದದ್ದು. ರಸ್ತೆ ಇಲ್ಲ, ಅಂಗಡಿ ಇಲ್ಲ, ಅಕ್ಕಿ ಬೇಳೆಯೂ ರೈಲಿನಲ್ಲೇ ಬರಬೇಕು. ಅದನ್ನೇ ಅವರು ಆಟದಲ್ಲಿ ಕಟ್ಟುತ್ತಿದ್ದರು. ಹಳದಿ ಬೋರ್ಡು, ನೀರಿನ ಟ್ಯಾಂಕು, ಸುರಂಗದ ಬಾಯಿ, ಕೆಂಪು ಹಸಿರು ದೀಪ ಹತ್ತುವ ಸಿಗ್ನಲ್ ಕಂಬ, ಸಾಲಾಗಿ ಆರು ಮನೆ.

ಒಂದು ಸಂಜೆ ಆಟದೊಳಗಿನ ಆ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಬೊಂಬೆಯನ್ನು ನಿಲ್ಲಿಸಿಕೊಂಡು ಅವರು ಟೈಪ್ ಮಾಡಿದ್ದರು: "ನಮ್ದು ಮೂರನೇ ಮನೆ ಮೇಡಂ. ನೀಲಿ ಬಾಗ್ಲು ಐತಲ್ಲ, ಅದು. ಈಗ ಅಲ್ಲೆಲ್ಲ ಹೆಂಗೈತೋ ಗೊತ್ತಿಲ್ಲ. ಹೋಗಿ ನೋಡೋ ಶಕ್ತಿ ನಂಗಿಲ್ಲ. ಇಲ್ಲೇ ನೋಡ್ಕತೀನಿ."

ಅಡ್ಮಿನ್‌ಗೂ ರೈಟರಿಗೂ ಒಳ್ಳೆಯ ಸ್ನೇಹ. ಎಸ್ಟೇಟಿನ ಪಂಪಿಗೆ, ಜೀಪಿಗೆ ಸಾಮಾನು ಬೇಕಾದಾಗ ರೈಟರು ಅವನ ಅಂಗಡಿಗೇ ಹೋಗುತ್ತಿದ್ದರು. ಹೋದರೆ ಒಂದು ಕಾಫಿ, ಅರ್ಧ ಗಂಟೆ ಮಾತು. ರೈಟರ ಹೆಂಡತಿಯನ್ನು ಅವನು ಅತ್ತಿಗೆ ಎನ್ನುತ್ತಿದ್ದ.

ಇಷ್ಟರಲ್ಲಿ ಅಡ್ಮಿನ್‌ಗೆ ಒಂದು ಹುರುಪು ಬಂತು. ಮೊದಲು ಸೇರಿದವರ ಸೈಟುಗಳಿರುವ ಹಳೇ ಬಡಾವಣೆಯನ್ನು ಪೂರ್ತಿ ನೆಲಸಮ ಮಾಡಿ ಅಲ್ಲೊಂದು ಕೋಟೆ, ಯುದ್ಧದ ಮೈದಾನ ಕಟ್ಟಬೇಕು, ಬೇರೆ ಊರಿನ ಗುಂಪುಗಳು ಬಂದು ಆಡುವಂತಾಗಬೇಕು ಎಂದು. ಹಾಸನದ ಒಬ್ಬ ನರ್ಸಮ್ಮ ಅದನ್ನು ವಿರೋಧಿಸಿದರು. ಹೊಸ ಮೈದಾನಕ್ಕೆ ಖಾಲಿ ಜಾಗ ಬೇಕಾದಷ್ಟಿದೆ, ಕಟ್ಟಿದವರದನ್ನು ಕೆಡವಬೇಡಿ ಎಂಬುದು ಅವರ ವಾದ. ಮಾರ್ಚ್ ತಿಂಗಳ ಚುನಾವಣೆಗೆ ಇಬ್ಬರೂ ಎದುರಾಬದುರು ನಿಂತರು.

ರೈಟರ ಹೆಂಡತಿಯ ಸ್ಟೇಷನ್ ಹಳೇ ಬಡಾವಣೆಯಲ್ಲೇ ಇತ್ತು. ಆದರೆ ಅಡ್ಮಿನ್ ನಮ್ಮೆಲ್ಲರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ಬರೆದ: "ಅತ್ತಿಗೆ ಸ್ಟೇಷನ್ ಮುಟ್ಟಲ್ಲ ಮಾರಾಯ. ಅದು ಕೋಟೆ ಪಕ್ಕದಲ್ಲೇ ಇರ್ತದೆ." ರೈಟರು ಅದರ ಕೆಳಗೆ, "ನಮ್ಮ ಮನೆ ವೋಟು ನಮ್ಮ ಗೆಳೆಯನಿಗೆ" ಎಂದು ಹಾಕಿದರು.

ಮತದಾನಕ್ಕೆ ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ಮೊಬೈಲಿಗೆ ಒಂದು ಸಂಕೇತ ಸಂಖ್ಯೆ ಕಳಿಸಿದೆ. ಅವರು ಆ ಸಂಖ್ಯೆ ಬರೆದು ಅಭ್ಯರ್ಥಿಯನ್ನು ಆರಿಸಿ ಕಳಿಸಬೇಕು. ಯಾವ ಸಂಖ್ಯೆ ಯಾರದು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು. "ಎರಡನ್ನೂ ಪಕ್ಕಪಕ್ಕ ಇಟ್ಟು ನಾನು ನೋಡುವುದಿಲ್ಲ" ಎಂದು ಎಲ್ಲರಿಗೂ ಮಾತು ಕೊಟ್ಟಿದ್ದೆ. ಕೊಡುವಾಗ ಮನಸ್ಸಿನಿಂದಲೇ ಕೊಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮತದಾನ. ನರ್ಸಮ್ಮನಿಗೆ ನಲವತ್ತೊಂದು, ಅಡ್ಮಿನ್‌ಗೆ ನಲವತ್ತು. ಆರು ಗಂಟೆಗೆ ಪ್ರಕಟಿಸಿದೆ. ಏಳಕ್ಕೆ ಅಡ್ಮಿನ್ ತಕರಾರು ಬರೆದ. ಯಾರೋ ಎರಡೆರಡು ಸಲ ಹಾಕಿದ್ದಾರೆ, ಪರಿಶೀಲಿಸಬೇಕು ಎಂದು. ನಿಯಮ ನನ್ನದೇ, ಆಗುವುದಿಲ್ಲ ಎನ್ನುವಂತಿರಲಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ನೋಟ್‌ಬುಕ್ಕು ತೆರೆದೆ. ನೋಡುವುದಿಲ್ಲ ಎಂದಿದ್ದನ್ನು ನೋಡತೊಡಗಿದೆ. ಒಂದೊಂದೇ ಸಂಖ್ಯೆಗೆ ಬೆರಳಿಟ್ಟು ಬರುವಾಗ, ವನಗೂರಿನ ಗಂಡ ಹೆಂಡತಿಯ ಎರಡೂ ಮತಗಳು ಒಂದೇ ನಿಮಿಷದಲ್ಲಿ ಬಂದಿರುವುದು ಕಂಡಿತು. ಗಂಡನ ಮತ ಅಡ್ಮಿನ್‌ಗೆ. ಹೆಂಡತಿಯದು ನರ್ಸಮ್ಮನಿಗೆ. ಮನೆಯಲ್ಲಿ ಒಟ್ಟಿಗೆ ಕೂತು ಹಾಕಿದ್ದರೆ ತಪ್ಪೇನಿಲ್ಲ. ಆದರೂ ತಕರಾರು ಬಂದಿದೆ, ಕೇಳಿಬಿಡೋಣ ಎಂದು ಹೆಂಡತಿಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ರೈಟರು.

"ನಿಮ್ಮ ಮನೆಯವ್ರಿಗೆ ಸ್ವಲ್ಪ ಕೊಡಿ ರೈಟ್ರೇ. ಒಂದೇ ಮಾತು."

"ಯಾಕೆ ಮೇಡಂ?"

"ವೋಟಿನ ವಿಷ್ಯ."

ಹಿಂದೆ ಎಲ್ಲೋ ಪಂಪಿನ ಸದ್ದು ಕೇಳಿಸುತ್ತಿತ್ತು.

"ಅವ್ಳಿಲ್ಲ ಮೇಡಂ."

"ಹಾಸನಕ್ಕೆ ಹೋಗಿದಾರಾ?"

"ಹೋಗ್ಬುಟ್ಲು ಮೇಡಂ. ದೀಪಾವಳಿ ಆಗಿ ಎಂಟನೇ ದಿನಕ್ಕೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ನಂಬಲಾಗಲಿಲ್ಲ. ದೀಪಾವಳಿ ಕಳೆದು ಐದು ತಿಂಗಳು. ಆ ಐದು ತಿಂಗಳಲ್ಲಿ ನಾನು ಅವರ ಜತೆ ಎಷ್ಟೋ ಸಂಜೆ ಮಾತಾಡಿದ್ದೆ. "ಊಟ ಆಯ್ತಾ ಮೇಡಂ" ಎಂದು ಅವರ ಹೆಸರಿನಿಂದ ಬರುತ್ತಿತ್ತು. "ಇವತ್ತು ಸುಸ್ತು, ಒಂದೇ ಕಲ್ಲು ಇಟ್ಟೆ" ಎಂದು ಬರುತ್ತಿತ್ತು.

"ಅದೆಲ್ಲ ನೀವಾ?" ಎಂದೆ.

"ನಾನೇ ಮೇಡಂ. ಸಂಜೆ ಸ್ಟೋರಿಂದ ಬಂದು ಅವ್ಳ ಫೋನ್ ತಗೊಂಡು ಕೂತ್ಕತೀನಿ. ಒಂದು ಕಲ್ಲು ಇಟ್ಟು ಎದ್ದೇಳ್ತೀನಿ. ಮೋಸ ಮಾಡ್ಬೇಕು ಅಂತಲ್ಲ. ನೀವೇ ಮಾಡಿದ ರೂಲ್ ಅಲ್ವಾ, ಎರಡು ಸಲ ವೋಟ್ ಹಾಕ್ದಿದ್ರೆ ಸೈಟ್ ಹೋಯ್ತದೆ ಅಂತ. ಹೋದ್ಸಲ ವೋಟಿನ ದಿನ ಅವ್ಳು ಆಸ್ಪತ್ರೇಲಿದ್ಲು. ಈ ಸಲಾನೂ ಹಾಕ್ದೆ ಹೋದ್ರೆ ಸ್ಟೇಷನ್ ತೆಗ್ದಾಕ್ಬುಡ್ತಾರೆ."

ಪಟ್ಟಿಯಲ್ಲಿ ಅವರ ಹೆಂಡತಿಯ ಸಂಖ್ಯೆಯ ಮೇಲಿದ್ದ ಬೆರಳನ್ನು ತೆಗೆದೆ.

"ಯಾರ್ಗೂ ಹೇಳ್ಬೇಡಿ ಮೇಡಂ. ಅಲ್ಲಿ ಯಾರ್ಗೂ ಗೊತ್ತಿಲ್ಲ. ಅಂಗಡಿಯವ್ನಿಗೂ ಹೇಳಿಲ್ಲ. ಕೇಳ್ದಾಗೆಲ್ಲ ಹಂಗೇ ಅವ್ಳೆ ಅಂದೀನಿ. ಇಲ್ಲಂತೂ ಹೋದ್ಲು, ಅಲ್ಲಾದ್ರೂ ಇರ್ಲಿ ಅಂತ."

"ನೋಡ್ತೀನಿ" ಎಂದು ಫೋನಿಟ್ಟೆ. ಆ ಒಂದು ಮಾತಿನಿಂದ ಅವರಿಗೆ ಧೈರ್ಯ ಬಂದಿರಬೇಕು. ನನಗೆ ಹಾಗನ್ನಿಸುತ್ತದೆ.

ಒಮ್ಮೆ ಒಂದು ಮತಗಟ್ಟೆಯಲ್ಲಿ, ಕಾಯಿಲೆ ಬಿದ್ದ ಅಣ್ಣನ ಬದಲು ತಾನು ಹಾಕುತ್ತೇನೆ ಎಂದು ಬಂದ ಮುದುಕರೊಬ್ಬರನ್ನು ನಾನು ವಾಪಸು ಕಳಿಸಿದ್ದೆ. ಪಕ್ಷದ ಏಜೆಂಟರು, "ಬುಡಿ ಮೇಡಂ, ಪಾಪ" ಎಂದರೂ ಬಿಟ್ಟಿರಲಿಲ್ಲ. ಆ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈಗ ಸತ್ತವರ ಮತವನ್ನು ಎಣಿಸಿ ಸುಮ್ಮನಿದ್ದರೆ ನಾನು ಯಾವ ಬಾಯಿಂದ ಪಾಠ ಮಾಡಲಿ ಎಂದು ಯೋಚಿಸಿದೆ. ಇಡೀ ಚುನಾವಣೆಯನ್ನು ರದ್ದು ಮಾಡಿ ಮತ್ತೊಂದು ಭಾನುವಾರ ನಡೆಸಬಹುದಿತ್ತು. ಹಾಗೆ ಮಾಡಿದ್ದರೆ ಯಾರ ಮತವೂ ಹೊರಗೆ ಬರುತ್ತಿರಲಿಲ್ಲ. ಅದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೆ ಹತ್ತನೇ ತರಗತಿಯ ಪರೀಕ್ಷೆ ನಡೆಯುತ್ತಿತ್ತು, ಕೊಠಡಿ ಮೇಲ್ವಿಚಾರಣೆಯ ಕೆಲಸ ತಲೆಯ ಮೇಲಿತ್ತು, ಮತ್ತೊಮ್ಮೆ ಅಷ್ಟೂ ಜನಕ್ಕೆ ಸಂಖ್ಯೆ ಕಳಿಸುವುದು ಬೇಡವಾಗಿತ್ತು.

ಪ್ರಕಟಣೆ ಬರೆದೆ. "ಒಂದು ಮತವನ್ನು, ಮತದಾರರು ಜೀವಂತ ಇಲ್ಲದ ಕಾರಣ, ಅಸಿಂಧು ಎಂದು ಘೋಷಿಸಲಾಗಿದೆ. ಪರಿಷ್ಕೃತ ಫಲಿತಾಂಶ: ನಲವತ್ತು, ನಲವತ್ತು." ಹೆಸರು ಹಾಕಲಿಲ್ಲ. ಗುಪ್ತತೆ ಕಾಪಾಡಿದೆ ಎಂದುಕೊಂಡೆ. ನಿಯಮದಂತೆ ತಿದ್ದಿದ ಪಟ್ಟಿಯನ್ನೂ ಕೆಳಗೆ ಹಾಕಿ, ಅನ್ನಕ್ಕೆ ಇಟ್ಟು ಬಂದೆ.

ಅನ್ನ ಆಗುವಷ್ಟರಲ್ಲಿ ಯಾರೋ ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಗುಂಪಿಗೆ ಹಾಕಿದ್ದರು. ಒಂದೇ ಒಂದು ಹೆಸರು ಕಮ್ಮಿಯಾಗಿತ್ತು. ನಲವತ್ತೊಂದು ಇದ್ದವರು ನಲವತ್ತಕ್ಕೆ ಇಳಿದಿದ್ದರಿಂದ ಆ ಮತ ಯಾರಿಗೆ ಬಿದ್ದಿತ್ತು ಎಂಬುದೂ ಬೆಳಕಿಗೆ ಬಂದಿತ್ತು. ನಾನು ಬಾಯಿಬಿಟ್ಟು ಒಂದಕ್ಷರವನ್ನೂ ಹೇಳಿರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಾಗಿಹೋಗಿತ್ತು.

ಮೊದಲು ನಾಲ್ಕಾರು ಜನ ಕೈಮುಗಿಯುವ ಚಿತ್ರ ಹಾಕಿ ಸಂತಾಪ ಬರೆದರು. ಆಮೇಲೆ ಒಬ್ಬ "ದೆವ್ವದ ವೋಟು" ಎಂದ. ಇನ್ನೊಬ್ಬ ತಲೆಬುರುಡೆಯ ಚಿತ್ರ ಹಾಕಿದ. "ಐದು ತಿಂಗ್ಳಿಂದ ಹೆಣದ ಜತೆ ಚಾಟ್ ಮಾಡಿದ್ವಲ್ಲೋ" ಎಂದು ಮತ್ತೊಬ್ಬ. "ಹೆಂಡ್ತಿ ಸತ್ರೂ ವೋಟ್ ಬಿಡಲಿಲ್ಲ ನೋಡ್ರಪ್ಪ." ಅದರ ಕೆಳಗೆ ನಗುವ ಮುಖಗಳ ಸಾಲು. ರೈಟರು ಏನೂ ಬರೆಯಲಿಲ್ಲ. ನರ್ಸಮ್ಮ ಮಾತ್ರ, "ನಿಮಗೆಲ್ಲ ನಾಚಿಕೆ ಇಲ್ವಾ?" ಎಂದು ಕೇಳಿದರು. ಆಗ ಅವರ ಮೇಲೂ ಬಿದ್ದರು.

ಅಡ್ಮಿನ್ ಗುಂಪಿನಲ್ಲಿ ಏನೂ ಹೇಳಲಿಲ್ಲ. ನನಗೆ ಫೋನ್ ಮಾಡಿದ. ದನಿ ಎಂದಿನಂತಿರಲಿಲ್ಲ.

"ಅತ್ತಿಗೆ ಹೋಗಿದ್ದು ನನ್ಗೂ ಹೇಳ್ಲಿಲ್ಲ ಮೇಡಂ ಅವ್ನು. ಹೋದ ತಿಂಗ್ಳು ಅಂಗಡಿಗೆ ಬಂದಿದ್ದ. ಅತ್ತಿಗೆ ಹೆಂಗವ್ರೆ ಅಂದ್ರೆ, ಹಂಗೇ ಅವ್ಳೆ ಕಣೋ ಅಂದ. ನಾನು ಹಣ್ಣು ತಗೊಂಡು ಹೋಗಪ್ಪ ಅಂತ ಕಟ್ಟಿಸ್ಕೊಟ್ಟೆ. ಇಸ್ಕೊಂಡು ಹೋದ!"

"ಅವ್ರ ಸಂಕಟ ಅವ್ರಿಗೆ" ಎಂದೆ.

"ಅದಾಗ್ಲಿ. ಎಲ್ರೆದುರು ನಮ್ಮ ಮನೆ ವೋಟು ನಿಂಗೆ ಅಂತ ಬರ್ದು, ಹಿಂದಿಂದ ನರ್ಸಮ್ಮಂಗೆ ಹಾಕವ್ನೆ. ಒಂದು ಕೇಳ್ತೀನಿ, ಹೇಳ್ಬುಡಿ ಮೇಡಂ. ಅವ್ನ ಸ್ವಂತ ವೋಟು ಯಾರ್ಗೆ? ಅದೊಂದು ಗೊತ್ತಾದ್ರೆ ಸಾಕು ನಂಗೆ."

ನೋಟ್‌ಬುಕ್ಕು ನನ್ನ ಎದುರೇ ತೆರೆದಿತ್ತು. ರೈಟರ ಮತ ಅವನಿಗೇ ಬಿದ್ದಿತ್ತು. "ನಿಮಗೇ ಹಾಕಿದಾರೆ" ಎಂಬ ಎರಡು ಪದ ಹೇಳಿದ್ದರೆ ಅವನ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಅವನು ಹಾಗೆ ಇಳಿಯುವವನೇ.

"ಅದನ್ನ ನಾನು ಹೇಳೋ ಹಾಗಿಲ್ಲ" ಎಂದೆ. "ಮತ ಗುಪ್ತ."

"ನಾನು ಯಾರ್ಗೂ ಹೇಳಲ್ಲ ಮೇಡಂ."

"ರೂಲ್ ಅಂದ್ರೆ ರೂಲ್."

"ಗೊತ್ತಾಯ್ತು ಬುಡಿ" ಎಂದು ಇಟ್ಟ. ನನ್ನ ಮೌನವನ್ನು ಅವನು ಒಂದು ಉತ್ತರ ಎಂದುಕೊಂಡ. ಹಾಗೆಂದುಕೊಳ್ಳುತ್ತಾನೆ ಎಂದು ನನಗೆ ಆ ಕ್ಷಣದಲ್ಲೇ ತಿಳಿದಿತ್ತು. ಆದರೂ ಮತ್ತೆ ಫೋನ್ ಮಾಡಲಿಲ್ಲ. ಗುಪ್ತತೆಯನ್ನು ಆ ಸಂಜೆ ನಾನೇ ಎರಡು ಸಲ ಮುರಿದಿದ್ದೆ. ಮುರಿದರೆ ಒಬ್ಬರಿಗೆ ಒಳ್ಳೆಯದಾಗುತ್ತಿದ್ದ ಆ ಮೂರನೇ ಸಲ ಮಾತ್ರ ಅದನ್ನು ಭದ್ರವಾಗಿ ಹಿಡಿದುಕೊಂಡೆ.

ಮಂಗಳವಾರ ಸಂಜೆ ಚೀಟಿ ಎತ್ತಿದೆ. ಸ್ಟೀಲಿನ ಚೊಂಬಿನಲ್ಲಿ ಎರಡು ಚೀಟಿ ಹಾಕಿ, ಎಲ್ಲರಿಗೂ ಕಾಣುವಂತೆ ಮೊಬೈಲು ನಿಲ್ಲಿಸಿ, ಕಣ್ಣು ಮುಚ್ಚಿ ಎತ್ತಿದೆ. ಅಡ್ಮಿನ್ ಹೆಸರು ಬಂತು. ನರ್ಸಮ್ಮ ಶುಭಾಶಯ ಹೇಳಿ ಆಟದ ಊರು ಬಿಟ್ಟರು.

ಬುಧವಾರ ಅಡ್ಮಿನ್ ಒಂದು ಸಾಲು ಬರೆದ. "ಪಟ್ಟಿಯಲ್ಲಿಲ್ಲದವರ ಸೈಟು ಊರಿಗೆ ಸೇರ್ತದೆ. ರೂಲ್ ಮೇಡಂ ಬರ್ದಿದ್ದು. ಸಂಜೆ ಆರಕ್ಕೆ ಸ್ಟೇಷನ್ ತೆಗಿತೀವಿ."

ಆರು ಗಂಟೆಗೆ ನಾನು ಆಟದೊಳಗೆ ಹೋದೆ. ನೋಡಲು ಬಂದವರು ಇಪ್ಪತ್ತು ಜನರಾದರೂ ಇದ್ದರು. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ರೈಟರ ಬೊಂಬೆಯೂ ನಿಂತಿತ್ತು. ಅದು ಅವರ ಸ್ವಂತ ಹೆಸರಿನ ಬೊಂಬೆ. ಹೆಂಡತಿಯದು ಅಷ್ಟು ಹೊತ್ತಿಗೆ ಬಂದ್ ಆಗಿತ್ತು. ಯಾರೂ ಅವರನ್ನು ಮಾತಾಡಿಸಲಿಲ್ಲ. ನಾನು "ತಡೀರಿ" ಎಂದು ಟೈಪ್ ಮಾಡಿದೆ. ಮುಂದೆ ಏನು ಬರೆಯಬೇಕೆಂದು ಯೋಚಿಸುತ್ತಾ ಕೂತೆ. ಅಳಿಸಿದೆ.

ಕಟ್ಟುವುದಕ್ಕೆ ಅವರ ಹೆಂಡತಿಗೆ ಒಂದೂವರೆ ವರ್ಷ ಹಿಡಿದಿತ್ತು. ಕೆಡವಲು ಅಡ್ಮಿನ್‌ಗೆ ಕಲ್ಲು ಕಲ್ಲು ಕೀಳುವ ಕಷ್ಟ ಇರಲಿಲ್ಲ. ಒಂದು ಆಜ್ಞೆ ಬರೆದರೆ ಇಷ್ಟಗಲ ಜಾಗ ಒಟ್ಟಿಗೆ ಖಾಲಿಯಾಗುತ್ತದೆ. ಮೊದಲು ಸುರಂಗ ಹೋಯಿತು. ಆಮೇಲೆ ನೀರಿನ ಟ್ಯಾಂಕು. ಆರು ಮನೆಗಳು ಒಂದೇ ಸಲಕ್ಕೆ ಹೋದವು. ಸಿಗ್ನಲ್ ಕಂಬವೊಂದು ಅವನ ಅಳತೆಗೆ ಸಿಕ್ಕದೆ ಉಳಿದಿತ್ತು. ಅದನ್ನು ಯಾರೋ ಕೈಯಲ್ಲಿ ಒಡೆದರು. "ಊರಿನಿಂದ ಹೊರಗೆ ಹೋದರು" ಎಂದು ರೈಟರ ಹೆಸರಿನ ಮುಂದೆ ಬಂತು. ಅವರು ಮತ್ತೆಂದೂ ಒಳಗೆ ಬರಲಿಲ್ಲ.

ನಾನು ಮಾರನೇ ದಿನ ಅಧಿಕಾರ ಬಿಟ್ಟೆ. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಪರೀಕ್ಷೆ ಮುಗಿದ ಮೇಲಿನ ಎರಡನೇ ಶನಿವಾರ ವನಗೂರಿಗೆ ಹೊರಟೆ. ಸಕಲೇಶಪುರದಲ್ಲಿ ಬಸ್ಸು ಬದಲಾಯಿಸಿ, ಕೊನೆಗೆ ಕೂಲಿಯವರನ್ನು ಹತ್ತಿಸಿಕೊಂಡು ಹೋಗುವ ಜೀಪಿನಲ್ಲಿ ಹಿಂದೆ ಕೂತು ಹೋದೆ. ಎಸ್ಟೇಟಿನಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುತ್ತಿದ್ದರು. ರೈಟರು ಸ್ಟೋರಿನ ಮುಂದೆ ನಿಂತು ಏಣಿ, ಹಗ್ಗ ಕೊಡಿಸುತ್ತಿದ್ದರು. ನಾನು ಅವರನ್ನು ಮುಖಾಮುಖಿ ನೋಡಿದ್ದು ಅದೇ ಮೊದಲು. ತೆಳ್ಳಗಿನ ಆಳು, ಐವತ್ತು ದಾಟಿರಬಹುದು. ನಾನು ಯಾರೆಂದು ಹೇಳಿದಾಗ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಅದು ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬನ್ನಿ ಮೇಡಂ, ಮನೆ ಇಲ್ಲೇ" ಎಂದರು.

ಕೂಲಿಯವರ ಲೈನ್ ಮನೆಗಳಿಂದ ಸ್ವಲ್ಪ ಮೇಲೆ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚದ ಮೇಲೆ ಮಡಿಸಿಟ್ಟ ಕಂಬಳಿ, ಅದರ ಮೇಲೆ ಹೆಂಡತಿಯ ಫೋನು. ಹಾಲಿಲ್ಲದ ಕಾಫಿ ಮಾಡಿ ಕೊಟ್ಟರು. ನಾನು ಹೇಳಬೇಕಾದದ್ದನ್ನು ಜೀಪಿನಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ. ಇಲ್ಲಿ ಅದು ಕ್ರಮವಾಗಿ ಬರಲಿಲ್ಲ.

"ರೈಟ್ರೇ, ಅವನು ನನ್ನನ್ನ ಕೇಳಿದ. ನಿಮ್ಮ ಸ್ವಂತ ಮತ ಯಾರಿಗೆ ಅಂತ. ಅವನಿಗೇ ಹಾಕಿದೀರಿ ಅಂತ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ."

ಅವರು ಲೋಟ ಕೆಳಗಿಟ್ಟರು. "ನಿಮ್ಗೆ ಹೆಂಗೆ ಗೊತ್ತಾಯ್ತು? ನೋಡಲ್ಲ ಅಂದಿದ್ರಿ."

"ನೋಡಿದೆ" ಎಂದೆ.

"ನಂದು ಅವ್ನಿಗೇ ಹಾಕ್ದೆ ಮೇಡಂ. ಸ್ನೇಹ. ಅವ್ಳದು ಅವ್ಳು ಎಲ್ಲಿ ಹಾಕ್ತಿದ್ಲೋ ಅಲ್ಲಿ ಹಾಕ್ದೆ. ಕೋಟೆ ಮಾತು ಅವ್ಳು ಇದ್ದಾಗ್ಲೇ ಬಂದಿತ್ತು. ನಂದೊಂದು ಉಳ್ಸಿ ಅಕ್ಕಪಕ್ಕದೋರ್ದೆಲ್ಲ ಕೆಡವಿದ್ರೆ ಸ್ಟೇಷನ್ ಯಾರ್ಗೆ, ಇಳಿಯೋರು ಯಾರು ಹತ್ತೋರು ಯಾರು ಅಂದಿದ್ಲು. ಮನಸ್ಸು ಒಪ್ಲಿಲ್ಲ, ಅವ್ಳ ಹೆಸ್ರಲ್ಲಿ ನನ್ನಿಷ್ಟ ಹಾಕಕ್ಕೆ."

"ನೀವು ಅದನ್ನ ಅವನಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಂಬ್ತಿದ್ನಾ? ನೀವು ಹೇಳಿದ್ರೆ ನಂಬ್ತಿದ್ದ." ಅವರು ಅದನ್ನು ದೂರುವ ಹಾಗೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಅವ್ಳು ಯಾವತ್ತೂ ನನ್ನ ಮಾತು ಕೇಳಿ ವೋಟ್ ಹಾಕ್ದೋಳಲ್ಲ ಮೇಡಂ. ಹದಿನಾರು ವರ್ಷ ಸಂಸಾರ. ಪಂಚಾಯ್ತಿ ಎಲೆಕ್ಷನ್ನಲ್ಲಿ ಯಾರ್ಗೆ ಹಾಕ್ತಿದ್ಲು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರೆ ನಗೋಳು. ಅವ್ಳ ವೋಟು ಇಂಥೋರ್ಗೆ ಅಂತ ಊರೋರ್ಗೆಲ್ಲ ಗೊತ್ತಾಗಿದ್ದು ಇದೊಂದೇ ಸಲ."

ಸ್ಟೇಷನ್ನಿನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ.

"ಇಲ್ಲ ಮೇಡಂ. ದಿನಾ ನೋಡ್ತಿದ್ದೆ. ಫೋಟೋ ಯಾಕೆ ಅನ್ನಿಸ್ತು."

ವಾಪಸು ಜೀಪಿಗೆ ಬಿಡಲು ಬಂದಾಗ, ತಾನು ಆ ಎಸ್ಟೇಟು ಬಿಡುತ್ತಿರುವುದಾಗಿಯೂ ಮೂಡಿಗೆರೆ ಆಚೆ ಬೇರೊಂದು ಕಡೆ ಕೆಲಸಕ್ಕೆ ಹೇಳಿರುವುದಾಗಿಯೂ ತಿಳಿಸಿದರು. ಈ ಮನೆಯಲ್ಲಿ ಸಂಜೆ ಮಾಡಲು ಕೆಲಸವೇ ಇಲ್ಲ ಎಂದರು.

ಅಲ್ಲಿಂದ ನೇರ ಸಕಲೇಶಪುರಕ್ಕೆ ಬಂದು ಅಂಗಡಿಗೆ ಹೋದೆ. ರೈಟರನ್ನು ಕೇಳಿಯೇ ಬಂದಿದ್ದೆ. "ಹೇಳೋದಾದ್ರೆ ಹೇಳಿ, ಈಗೇನು" ಎಂದಿದ್ದರು. ಅಡ್ಮಿನ್ ಯಾರದೋ ಜೀಪಿನ ಫ್ಯಾನ್ ಬೆಲ್ಟು ಹುಡುಕುತ್ತಿದ್ದ. ಗಿರಾಕಿ ಹೋಗುವವರೆಗೂ ಕಾದು, ಎಲ್ಲವನ್ನೂ ಹೇಳಿದೆ. ರೈಟರ ಸ್ವಂತ ಮತ ನಿಮಗೇ ಬಿದ್ದಿತ್ತು ಎಂದೆ. ಅತ್ತಿಗೆ ಏಕೆ ಬೇಡವೆಂದಿದ್ದರು ಎಂಬುದನ್ನೂ ಹೇಳಿದೆ.

ಅವನು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕುಸಿದು ಕೂತ. "ಅವತ್ತೇ ಹೇಳ್ಬೇಕಿತ್ತು ಮೇಡಂ."

"ಹೌದು."

"ನಾನು ಅವ್ನ್ಮೇಲಿನ ಸಿಟ್ಟಿಗೆ ಮಾಡ್ದೆ. ರೂಲ್ ಅಂದಿದ್ದು ಸುಮ್ನೆ."

ಮತ್ತೆ ಕಟ್ಟಲು, ಹಳೆಯ ನಕಲು ಏನಾದರೂ ಉಳಿದಿದೆಯೇ ಎಂದು ಕೇಳಿದೆ. ವಾರದ ನಕಲು ಮಾತ್ರ ಇರುತ್ತದೆಯಂತೆ, ಹೊಸದು ಬಂದ ಹಾಗೆ ಹಳೆಯದು ಅಳಿದುಹೋಗುತ್ತದಂತೆ. ಸ್ಟೇಷನ್ ಹೋಗಿ ಆಗಲೇ ಹದಿನೈದು ದಿನ ದಾಟಿತ್ತು. ಅವನು ಕಂಪ್ಯೂಟರಿನಲ್ಲಿ ಎರಡು ಸಲ ಹುಡುಕಿದ, ಮೂರನೇ ಸಲವೂ ಹುಡುಕಿದ.

ಆಮೇಲೆ ಫೋನ್ ತೆಗೆದು ರೈಟರಿಗೆ ಮಾಡಿದ. ಅಂಗಡಿ ಚಿಕ್ಕದು, ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಹೇಳು" ಎಂದರು ರೈಟರು.

"ಮೇಡಂ ಬಂದವ್ರೆ ಕಣೋ. ಈಗ ಹೇಳಿದ್ರು."

"ಹ್ಞೂಂ."

"ನಂಗೆ ಗೊತ್ತಿರ್ಲಿಲ್ಲ ಮಾರಾಯ."

"ಹ್ಞೂಂ."

"ಅತ್ತಿಗೆದು..." ಎಂದು ಶುರು ಮಾಡಿದ. ಆ ಕಡೆ ಆಳುಗಳು ಏನೋ ಕೂಗುವುದು ಕೇಳಿಸಿತು.

"ಏಣಿ ವಾಪಸ್ ತರ್ತಾವ್ರೆ. ಎಣಿಸ್ಕಬೇಕು, ಇಡ್ತೀನಿ" ಎಂದು ರೈಟರು ಇಟ್ಟರು.

ಅಡ್ಮಿನ್ ಫೋನನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ನಾನು ಆಲೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಕೋಟೆಯನ್ನು ಅವನು ಕಟ್ಟಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಸ್ಟೇಷನ್ ಇದ್ದ ಜಾಗವನ್ನು ಯಾರಿಗೂ ಕೊಡದೆ ಹಾಗೇ ಬಯಲು ಬಿಟ್ಟಿದ್ದಾನಂತೆ. ನಾನು ಹೋಗಿ ನೋಡಿಲ್ಲ. ರೈಟರು ಮೂಡಿಗೆರೆ ಕಡೆಗೆ ಹೋದ ಮೇಲೆ ಗಂಡ ಹೆಂಡತಿಯ ಆ ಎರಡು ಫೋನ್ ನಂಬರುಗಳಲ್ಲಿ ಒಂದು ಬಂದ್ ಆಯಿತು. ಇನ್ನೊಂದಕ್ಕೆ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ.